ಟೊಳ್ಳು ಬಾಗಿಲಿನ ಮೇಲೆ ಆಳುದ್ದದ ಕನ್ನಡಿ

ಕನ್ನಡಿ ನಿಂತಿತು! ಮಲಗುವ ಕೋಣೆಯ ಬಾಗಿಲನ್ನು ಬೇಕೆಂದೇ ಬಡಿದು ನೋಡಿದ್ದೇನೆ, ಬಾಲ್ಕನಿ ತೆರೆದಿಟ್ಟು ಆಷಾಢದ ಗಾಳಿಗೂ ಒಪ್ಪಿಸಿದ್ದೇನೆ. ಒಂದು ಸ್ಕ್ರೂ ಕೂಡ ಸಡಿಲಾಗಿಲ್ಲ.

ಬಾಗಿಲು ಹಲವು ಅಪಾರ್ಟ್‌ಮೆಂಟ್‌ಗಳಲ್ಲಿ ಇರುವಂಥದ್ದೇ: 800 ಮಿ.ಮೀ. ಅಗಲದ, ಎರಡೂ ಮೈ ಸಪಾಟಾದ ಟೊಳ್ಳು ಫ್ಲಶ್ ಡೋರ್. ಕನ್ನಡಿ 400 × 1200, ದಪ್ಪ 4 ಮಿ.ಮೀ. ಗಾಜು ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆ.ಜಿ. ತೂಗುತ್ತದೆ, ಆ ಲೆಕ್ಕದಲ್ಲಿ ಇದು 4.8 ಕೆ.ಜಿ. ಅಳತೆ, ಕತ್ತರಿಸುವುದು, ಮರಳು ಕಾಗದ ಹೊಡೆಯುವುದು ನಿಮಗೆಲ್ಲ ಗೊತ್ತಿರುವುದೇ. ನನ್ನನ್ನು ಕಾಡಿದ್ದು ಬೇರೆ: ಟೊಳ್ಳು ಬಾಗಿಲಿಗೆ ಇದನ್ನು ಬಿಗಿಯುವುದು ಹೇಗೆ?

ಹಾರ್ಡ್‌ವೇರ್ ಅಂಗಡಿಯವರು ಮೊದಲು ಕೈಗಿಟ್ಟದ್ದು ಪ್ಲಾಸ್ಟಿಕ್ ಪ್ಲಗ್. ಅದು ಇಟ್ಟಿಗೆ, ಕಾಂಕ್ರೀಟ್‌ಗಳ ಒಳಗೆ ಹಿಗ್ಗಿ ಕಚ್ಚಿಕೊಳ್ಳುವ ವಸ್ತು. ಮೂರು-ನಾಲ್ಕು ಮಿ.ಮೀ. ಪ್ಲೈ ಹೊದಿಕೆ, ಅದರಾಚೆ ಖಾಲಿ ಜಾಗ ಇರುವಲ್ಲಿ ಅದು ಏನನ್ನು ಕಚ್ಚಬೇಕು? ಹಾಗೆಂದು ವಿವರಿಸಿದರೂ "ಎಲ್ಲರೂ ಇದನ್ನೇ ಒಯ್ಯುತ್ತಾರೆ ಸಾರ್" ಎಂಬ ಉತ್ತರವೇ ಬಂತು. ಕಾಡಿ ಬೇಡಿ, ಹೊದಿಕೆಯ ಹಿಂದೆ ರೆಕ್ಕೆ ಬಿಚ್ಚಿಕೊಳ್ಳುವ ಬಟರ್‌ಫ್ಲೈ ಬೋಲ್ಟ್‌ಗಳನ್ನು ತರಿಸಿಕೊಂಡೆ. ಡಬ್ಬಿಯ ಮೇಲೆ ಬರೆದಿದ್ದ ತೂಕ ನನ್ನ ಕನ್ನಡಿಯ ಹಲವು ಪಟ್ಟು ಇತ್ತು. ಆದರೂ ಅವು ಸಡಿಲಾದವು. ಬಿಗಿ ಮಾಡಿದೆ, ಮತ್ತೆ ಸಡಿಲಾದವು.

ಸುಳಿವು ಸಿಕ್ಕಿದ್ದು ಸಡಿಲಾದ ರೀತಿಯಲ್ಲಿ. ತೂಕವೇ ಕಾರಣವಾಗಿದ್ದರೆ ರಂಧ್ರಗಳು ಕೆಳಮುಖವಾಗಿ ಸವೆಯಬೇಕಿತ್ತು, ಹಿಂಜ್ ಕಡೆಯ ಬೋಲ್ಟ್‌ಗಳೂ ಹಿಡಿಯ ಕಡೆಯವೂ ಸರಿಸುಮಾರು ಒಂದೇ ಹೊತ್ತಿಗೆ ಸೋಲಬೇಕಿತ್ತು. ಇಲ್ಲಿ ಹಿಂಜ್ ಕಡೆಯವು ಗಟ್ಟಿಯಾಗಿದ್ದವು. ಹಿಡಿಯ ಕಡೆಯವು ಮಾತ್ರ ಹೊದಿಕೆಯನ್ನು ಮುಂದಕ್ಕೆ ಎಳೆದು ಉಬ್ಬಿಸಿದ್ದವು. ಬಾಗಿಲು ತಿರುಗುವಾಗ ಹಿಡಿಯ ಅಂಚಿನ ವೇಗವೇ ಹೆಚ್ಚು. ಕೋಣೆಯೊಳಕ್ಕೆ ತೆರೆಯುವ ಬಾಗಿಲನ್ನು ಮುಚ್ಚಿ ಬಡಿದರೆ ಒಳಮೈಯ ಕನ್ನಡಿ ಬಾಗಿಲಿಗೇ ಒತ್ತಿಕೊಳ್ಳುತ್ತದೆ, ತೊಂದರೆ ಕಡಿಮೆ. ಜೋರಾಗಿ ತೆರೆದು ಸ್ಟಾಪರ್‌ಗೆ ಬಡಿದಾಗ ಮಾತ್ರ ಬಾಗಿಲು ಥಟ್ಟನೆ ನಿಲ್ಲುತ್ತದೆ, ಕನ್ನಡಿ ಗೋಡೆಯ ಕಡೆಗೆ ಹೋಗುತ್ತಲೇ ಇರಲು ನೋಡುತ್ತದೆ. ಬೋಲ್ಟ್‌ಗಳನ್ನು ಕಿತ್ತದ್ದು ಈ ಎಳೆತ. ನಾವೆಲ್ಲ ತೂಕದ ಅಂಕಿ ನೋಡಿ ಬೋಲ್ಟ್ ಕೊಳ್ಳುತ್ತೇವೆ. ಆ ಅಂಕಿ ಅಲುಗದ ಗೋಡೆಗೆ ಸರಿ; ತಿರುಗುವ ಬಾಗಿಲಿಗೆ ಅದು ಅರ್ಧ ಉತ್ತರ.

ಹಾಗಾದರೆ ಹೊದಿಕೆಯನ್ನು ನಂಬುವಂತಿಲ್ಲ, ಗಟ್ಟಿ ಮರ ಬೇಕು. ಟೊಳ್ಳು ಬಾಗಿಲಿನಲ್ಲೂ ಸುತ್ತ ಮರದ ಕಟ್ಟು ಇರುತ್ತದೆ. ಅದನ್ನು ಹುಡುಕಲು ಬೆರಳಿನಿಂದ ತಟ್ಟುತ್ತ ಕೂರಬೇಡಿ. ಸ್ಟೂಲ್ ಹತ್ತಿ ಬಾಗಿಲಿನ ಮೇಲಂಚಿನ ಫೋಟೊ ತೆಗೆಯಿರಿ. ಬಣ್ಣ ಬಳಿಯುವವರು ಅಲ್ಲಿಗೆ ಕುಂಚ ತಾಗಿಸಿರುವುದೇ ಇಲ್ಲ, ಹಾಗಾಗಿ ಎರಡು ಬದಿಯ ಅಂಚುಪಟ್ಟಿಗಳ ಅಗಲ ಅಳತೆಗೆ ಸಿಗುತ್ತದೆ. ನನ್ನ ಬಾಗಿಲಿನಲ್ಲಿ ಎರಡು ಇಂಚು. (ಫೋಟೊ ತೆಗೆದ ಮೇಲೆ ಆ ಅಂಚಿಗೆ ಬಣ್ಣ ಬಳಿದುಬಿಡಿ. ಮಳೆಗಾಲದಲ್ಲಿ ಬಾಗಿಲು ತೇವ ಕುಡಿದು ಬಿಗಿಯಾಗುವುದು ಅಲ್ಲಿಂದಲೂ ಹೌದು.)

ಉಪಾಯ ಇದು: 12 ಮಿ.ಮೀ. ಪ್ಲೈವುಡ್‌ನಲ್ಲಿ 760 ಮಿ.ಮೀ. ಉದ್ದದ ಮೂರು ಅಡ್ಡಪಟ್ಟಿಗಳು, ಅವುಗಳ ಮೇಲೆ ಕನ್ನಡಿಯ ಹಿಂದೆ ಅಡಗುವ ಎರಡು ಲಂಬ ಪಟ್ಟಿಗಳು. ಒಟ್ಟಿನಲ್ಲಿ ಒಂದು ಏಣಿ. ಅಡ್ಡಪಟ್ಟಿಗಳ ತುದಿ ಕನ್ನಡಿಯಿಂದ ಎರಡೂ ಕಡೆ 180 ಮಿ.ಮೀ. ಹೊರಚಾಚಿ ಅಂಚುಪಟ್ಟಿಗಳನ್ನು ಮುಟ್ಟುತ್ತವೆ, 30 ಮಿ.ಮೀ. ಸ್ಕ್ರೂಗಳು ಅಲ್ಲೇ ಕೂರುತ್ತವೆ. ಬೀಗದ ಎತ್ತರದಲ್ಲಿ ಪಟ್ಟಿ ಬೇಡ. ಬೀಗ ಕೂರಿಸಲು ಅಲ್ಲಿನ ಮರವನ್ನು ಕೊರೆದಿರುತ್ತಾರೆ. ಸ್ಕ್ರೂಗಳೆಲ್ಲ ಗಾಜಿನ ಹೊರಗಿರುವುದರಿಂದ ಕನ್ನಡಿಯನ್ನು ನೆಲದ ಮೇಲೇ ಏಣಿಗೆ ಅಂಟಿಸಿ, ಒಣಗಿಸಿ, ಒಟ್ಟಾಗಿ ಏರಿಸಬಹುದು. ಬಾಗಿಲಿಗೆ ಬಣ್ಣ ಹೊಡೆಸುವಾಗ ಹಾಗೇ ಇಳಿಸಲೂಬಹುದು. ಗಾಜಿನ ಭಾರ ಅಂಟಿನ ಮೇಲಲ್ಲ, ಕೆಳಗಿನ ಅಲ್ಯೂಮಿನಿಯಂ ಜೆ-ಚಾನೆಲ್ (ಇಂಗ್ಲಿಷಿನ J ಆಕಾರದ ಪಟ್ಟಿ) ಮೇಲಿದೆ. ತುಟಿಯಿರುವ ಎರಡು ಕ್ಲಿಪ್‌ಗಳು ಮೇಲಂಚನ್ನು ಹಿಡಿದಿವೆ. ನೆಲದ ಗಟ್ಟಿ ಸ್ಟಾಪರ್ ತೆಗೆದು ರಬ್ಬರಿನದನ್ನು ಹಾಕಿದೆ. ಎಳೆತ ಅರ್ಧ ಇಳಿದದ್ದು ಅದರಿಂದಲೇ ಎಂದು ನನಗೆ ಅನ್ನಿಸುತ್ತದೆ.

ಅಂಟಿನ ವಿಷಯದಲ್ಲಿ ಅಂಗಡಿಗಳ ಮೇಲೆ ನಿಜಕ್ಕೂ ಸಿಟ್ಟಿದೆ. ಸಿಲಿಕೋನ್ ಎಲ್ಲ ಒಂದೇ ಎನ್ನುತ್ತಾರೆ. ಒಂದೇ ಅಲ್ಲ! ವಿನೆಗರ್ ವಾಸನೆ ಬರುವುದು ಅಸಿಟಿಕ್ ಸಿಲಿಕೋನ್. ಅದು ಬಿಡುವ ಆಮ್ಲ ಕನ್ನಡಿಯ ಬೆನ್ನಿನ ಲೇಪ ತಿಂದು ಕಪ್ಪು ಕಲೆ ಎಬ್ಬಿಸುತ್ತದೆ. ಕನ್ನಡಿಗೆ ಬೇಕಾದದ್ದು ಗಟ್ಟಿಯಾಗುವಾಗ ಇಂಥ ಆಮ್ಲ ಬಿಡದ ನ್ಯೂಟ್ರಲ್ ಕ್ಯೂರ್ ಸಿಲಿಕೋನ್. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದುತ್ತ ಹೋದ ಮೇಲೆ ಅದು ಸಿಕ್ಕಿತು. ಲಂಬ ಗೆರೆಗಳಲ್ಲಿ ಹಚ್ಚಿ, ನಡುವೆ ಜಾಗ ಬಿಡಿ. ಸಿಲಿಕೋನ್ ಗಟ್ಟಿಯಾಗಲು ಗಾಳಿಯ ತೇವಾಂಶ ಬೇಕು. ಸುತ್ತು ಕಟ್ಟಿ ಮುಚ್ಚಿದರೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ರಸ್ತೆ ಸುತ್ತುವಾಗಲೇ ಮುಂದಿನ ಕೆಲಸವೂ ತಲೆಗೆ ಹತ್ತಿತು. ಪ್ರತಿ ಯುಗಾದಿಗೂ ತೋರಣ ಕಟ್ಟಲು ಹೆಬ್ಬಾಗಿಲಿನ ತೇಗದ ಚೌಕಟ್ಟಿಗೆ ಹೊಸ ಮೊಳೆ ಬೀಳುತ್ತದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಮೇಲಿನ ಅಡ್ಡಮರಕ್ಕೆ ಎರಡು ಹಿತ್ತಾಳೆ ಬ್ರಾಕೆಟ್, ಅವುಗಳ ನಡುವೆ ತೆಗೆದು ಹಾಕಬಹುದಾದ ಸರಳು, ಅದರಲ್ಲಿ ಸರಿದಾಡುವ ಸಣ್ಣ ಕೊಕ್ಕೆಗಳು. ಮಾವಿನ ಎಲೆಯಾಗಲಿ, ಚೆಂಡು ಹೂವಾಗಲಿ, ಕೆಳಗೆ ಕೂತು ಕಟ್ಟಿ ಒಮ್ಮೆಗೇ ಏರಿಸಬಹುದು. ಹಿತ್ತಾಳೆ ಸ್ಕ್ರೂ ಗಟ್ಟಿ ಮರದಲ್ಲಿ ತಲೆ ಮುರಿದುಕೊಳ್ಳುತ್ತದೆ, ಆದ್ದರಿಂದ ಮೊದಲು ರಂಧ್ರ ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಅದನ್ನು ತೆಗೆದು ಮೇಣ ಸವರಿದ ಹಿತ್ತಾಳೆಯದನ್ನು ಕೂರಿಸಬೇಕು. ಸರಳಿನ ದಪ್ಪ ಇನ್ನೂ ತೀರ್ಮಾನವಾಗಿಲ್ಲ.

ಕನ್ನಡಿಯ ಬಗ್ಗೆ ಒಂದು ಮಾತು ಬಾಕಿ ಇದೆ. ಏಣಿಯೂ ಸೇರಿ ಬಾಗಿಲಿಗೆ ಆರೇಳು ಕೆ.ಜಿ. ಹೆಚ್ಚಾಗಿದೆ, ಅದರ ಎಳೆತ ಹೆಚ್ಚು ಬೀಳುವುದು ಮೇಲಿನ ಹಿಂಜ್ ಮೇಲೆ. ಅದರ ಸ್ಕ್ರೂಗಳನ್ನು ಚೌಕಟ್ಟಿನ ಮರದೊಳಕ್ಕೆ ಆಳವಾಗಿ ಇಳಿಯುವ ಉದ್ದನೆಯವಕ್ಕೆ ಬದಲಾಯಿಸಿ. ಕನ್ನಡಿ ಏರಿಸುವ ಮೊದಲೇ ಇದನ್ನು ಮುಗಿಸಿ. ಆಮೇಲಾದರೆ ಬಾಗಿಲನ್ನು ಎತ್ತಿ ಹಿಡಿಯಲು ಇನ್ನೊಬ್ಬರು ಬೇಕು.