ಎಷ್ಟು ದಪ್ಪದ ಉಲನ್ ತಗೊಳ್ಳಲಿ?

"ಅಕ್ಕಾ, ಎಷ್ಟು ಪ್ಲೈ ತಗೊಳ್ಳಲಿ?" ವಾರಕ್ಕೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ಇಲ್ಲಿ ಪುಣೆಯಲ್ಲಿ ನಮ್ಮ ಸೊಸೈಟಿಯ ಹೆಂಗಸರು ಕೇಳುತ್ತಾರೆ, ಧಾರವಾಡದಿಂದ ತಂಗಿ ಫೋನ್ ಮಾಡಿ ಕೇಳುತ್ತಾಳೆ. ಲಕ್ಷ್ಮೀ ರೋಡ್ ಕಡೆ ಹೋದವರು ಅಂಗಡಿಯಲ್ಲೇ ನಿಂತು ಉಂಡೆಯ ಫೋಟೋ ಕಳಿಸುತ್ತಾರೆ, ಯಾಕಂದರೆ ಅಂಗಡಿಯವರು "ಜಾಡ ಪಾಹಿಜೆ ಕೀ ಬಾರೀಕ್?" ಅಂತ ಕೇಳಿಬಿಟ್ಟಿರುತ್ತಾರೆ. ದಪ್ಪ ಬೇಕಾ, ಸಣ್ಣ ಬೇಕಾ? ಆ ಹೊತ್ತಿಗೆ ಉತ್ತರ ಹೊಳೆಯುವುದಿಲ್ಲ.

ನಾನು ತಿರುಗಿ ಕೇಳುವುದು ಇಷ್ಟೇ: ಹೆಣೆದಾದ ಮೇಲೆ ಆ ಬಟ್ಟೆ ಹೇಗಿರಬೇಕು? ಶಾಲಿನ ಹಾಗೆ ಮೆತ್ತಗೆ ಇಳಿಬೀಳಬೇಕಾ, ಬುಟ್ಟಿಯ ಹಾಗೆ ಗಟ್ಟಿಯಾಗಿ ನಿಲ್ಲಬೇಕಾ, ಕಾಲುಚೀಲದ ಹಾಗೆ ಎಳೆದರೆ ಹಿಗ್ಗಬೇಕಾ? ಅದನ್ನು ಮೊದಲು ಹೇಳಿ, ದಪ್ಪ ಆಮೇಲೆ ನೋಡೋಣ.

ಇದನ್ನು ನನಗೆ ಕಲಿಸಿದ್ದು ಒಂದು ಕುಲಾವಿ. ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವುದಕ್ಕೆ ನಾಲ್ಕೇ ದಿನ ಉಳಿದಿತ್ತು. ಬೇಗ ಆಗಲಿ ಅಂತ ದಪ್ಪ ಉಲನ್ ತಗೊಂಡು 6 ಎಂಎಂ ಕ್ರೋಶಾ ಕಡ್ಡಿಯಲ್ಲಿ ಒಂದೇ ಸಂಜೆಗೆ ಮುಗಿಸಿದೆ. ಕೈಯಲ್ಲಿ ಹಿಡಿದಾಗ ಚಂದ ಕಂಡಿತು. ಕೂಸಿನ ತಲೆಗೆ ಹಾಕಿದರೆ ಬಟ್ಟಲು ಕವುಚಿದ ಹಾಗೆ ನಿಂತಿತು, ಕಿವಿಯ ಮೇಲೆ ಬಗ್ಗಲೇ ಇಲ್ಲ. ಹತ್ತು ನಿಮಿಷ ಬಿಟ್ಟು ತೆಗೆದಾಗ ಆ ಎಳೇ ಹಣೆಯ ಮೇಲೆ ಸಾಲಾಗಿ ಕೆಂಪು ಗುರುತು, ಒಂದೊಂದು ಸ್ಟಿಚ್ಚನ್ನೂ ಎಣಿಸಬಹುದಿತ್ತು. ಕರುಳು ಚುರುಕ್ ಅಂದಿತು. ಸಣ್ಣ ಉಲನ್, 3 ಎಂಎಂ ಕಡ್ಡಿ ಹಿಡಿದು ಮತ್ತೆ ಹೆಣೆದೆ. ಮೂರು ಸಂಜೆ ಹಿಡಿಯಿತು, ಆದರೆ ಅದು ಮುಷ್ಟಿಯಲ್ಲಿ ಮಡಚಿ ಹಿಡಿಯುವಷ್ಟು ಮೆತ್ತಗೆ ಬಂತು.

ಕ್ರೋಶಾ ಮಾಡುವವರು ಇದನ್ನು ಜಾಸ್ತಿ ನೆನಪಿಡಬೇಕು. ಕ್ರೋಶಾದಲ್ಲಿ ದಾರ ತನ್ನ ಮೇಲೆ ತಾನೇ ಸುತ್ತಿಕೊಂಡು ಗಂಟಿನ ಹಾಗೆ ಕೂರುತ್ತದೆ, ಹಾಗಾಗಿ ಎರಡು ಕಡ್ಡಿಯ ಹೆಣಿಗೆಗಿಂತ ಬಟ್ಟೆ ದಪ್ಪ ಆಗುತ್ತದೆ, ಉಲನ್ನೂ ಜಾಸ್ತಿ ಹಿಡಿಯುತ್ತದೆ. ಕಡ್ಡಿಯಲ್ಲಿ ಚೆನ್ನಾಗಿ ಬಂದ ಸ್ವೆಟರಿನ ಉಲನ್ನನ್ನೇ ಕ್ರೋಶಾಗೆ ತಗೊಂಡರೆ ಭಾರ ಅನಿಸುತ್ತದೆ. ಮೈಮೇಲೆ ಹಾಕುವುದಾದರೆ ಒಂದು ಮೆಟ್ಟಿಲು ಸಣ್ಣದು ತಗೊಳ್ಳಿ.

ಇನ್ನು ಪ್ಲೈ. ಪ್ಲೈ ಅಂದರೆ ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಅನ್ನುವ ಲೆಕ್ಕ, ಅಷ್ಟೇ. ಒಂದೊಂದು ಎಳೆಯೇ ದಪ್ಪ ಇದ್ದರೆ ಎರಡೇ ಎಳೆಯ ದಾರ ನಾಲ್ಕೆಳೆಯ ದಾರವನ್ನು ಮೀರಿಸುತ್ತದೆ. ಬ್ರಿಟನ್, ಆಸ್ಟ್ರೇಲಿಯಾ ಕಡೆ ಅದು ದಪ್ಪದ ಹೆಸರೇ ಆಗಿಬಿಟ್ಟಿದೆ: 4 ಪ್ಲೈ ಅಂದರೆ ಕಾಲುಚೀಲದ ಸಣ್ಣ ದಾರ, 8 ಪ್ಲೈ ಅಂದರೆ ಡಿಕೆ (ಡಬಲ್ ನಿಟ್ಟಿಂಗ್, ಮಧ್ಯಮ ದಪ್ಪದ ದಾರ), 10 ಪ್ಲೈ ಅಂದರೆ ಇನ್ನೂ ದಪ್ಪ. ಆದರೆ ನನ್ನ ಡಬ್ಬಿಯಲ್ಲೇ 4 ಪ್ಲೈ ಅಂತ ಬರೆದ ಎರಡು ಉಂಡೆ ಇವೆ, ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ದಪ್ಪ. ಅಮೆರಿಕದವರು 0ಯಿಂದ 7ರವರೆಗೆ ನಂಬರ್ ಕೊಡುತ್ತಾರೆ. ಡಿಕೆ ಅದರಲ್ಲಿ 3, ಅದಕ್ಕಿಂತ ಸ್ವಲ್ಪ ದಪ್ಪದ ವರ್ಸ್ಟೆಡ್ 4. ಲೇಬಲ್ಲಿನಲ್ಲಿ ಆ ನಂಬರ್ ಇಲ್ಲದಿದ್ದರೆ ತೂಕ ಮತ್ತು ಮೀಟರ್ ನೋಡಿ. 100 ಗ್ರಾಂ ಉಲನ್ 400 ಮೀಟರ್ ಬಂದರೆ ಸಣ್ಣದು, 200ರಿಂದ 250 ಬಂದರೆ ಡಿಕೆ ಸುಮಾರು, 100ರ ಆಸುಪಾಸಾದರೆ ಬಹಳ ದಪ್ಪ.

ಲೇಬಲ್ಲೇ ಇಲ್ಲವಾ? ನನ್ನ ಚೀಲದಲ್ಲಿ ಮಗಳ ಹಳೇ ಶಾಲೆಯ ಸ್ಕೇಲ್ ಯಾವಾಗಲೂ ಇರುತ್ತದೆ. ದಾರವನ್ನು ಎಳೆಯದೆ, ಸುಮ್ನೆ ಪಕ್ಕ ಪಕ್ಕ ತಾಗುವ ಹಾಗೆ ಸ್ಕೇಲಿಗೆ ಸುತ್ತಿ, ಒಂದು ಇಂಚಿನಲ್ಲಿ ಎಷ್ಟು ಸುತ್ತು ಬಂತು ಅಂತ ಎಣಿಸುತ್ತೇನೆ. 11ರಿಂದ 15 ಬಂದರೆ ಡಿಕೆ. ಅದಕ್ಕಿಂತ ಜಾಸ್ತಿ ಬಂದರೆ ಸಣ್ಣದು, ಏಳೆಂಟೇ ಬಂದರೆ ದಪ್ಪದ್ದು. ಬಿಗಿಯಾಗಿ ಎಳೆದು ಸುತ್ತಿದರೆ ಲೆಕ್ಕ ತಪ್ಪುತ್ತದೆ, ಅಲ್ಲೇ ಎಲ್ಲರೂ ಎಡವುವುದು.

ಮೊದಲ ಸಲ ಹೆಣೆಯುವವರಿಗೆ ನಾನು ಡಿಕೆ ದಾರ, 4 ಎಂಎಂ ಕಡ್ಡಿ ಅನ್ನುತ್ತೇನೆ. ಸ್ಟಿಚ್ ಕಣ್ಣಿಗೆ ಕಾಣುತ್ತದೆ, ಪುಣೆಯ ಚಳಿಗೂ ಅದು ಸಾಕು. ಡಿಸೆಂಬರ್, ಜನವರಿಯ ಬೆಳಗ್ಗೆ ಸ್ವೆಟರ್ ಬೇಕೇ ಬೇಕು, ಹನ್ನೊಂದು ಗಂಟೆಗೆ ಬಿಸಿಲು ಬಂದರೆ ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತೇವೆ ಅಲ್ವಾ? ದಪ್ಪ ಸ್ವೆಟರಾದರೆ ಆ ಚೀಲವೇ ತುಂಬಿಹೋಗುತ್ತದೆ. ಗೊಂಬೆಗೂ ಅದೇ ಡಿಕೆ ಆಗುತ್ತದೆ, ಆದರೆ ಲೇಬಲ್ ಹೇಳಿದ್ದಕ್ಕಿಂತ ಸಣ್ಣ ಹುಕ್ (ಕ್ರೋಶಾ ಕಡ್ಡಿ) ಹಿಡಿಯಿರಿ, ಇಲ್ಲದಿದ್ದರೆ ಒಳಗಿನ ಹತ್ತಿ ಇಣುಕುತ್ತದೆ. ಶಾಲಿಗೆ ಇದರ ಉಲ್ಟಾ: ಸಣ್ಣ ದಾರ, ದೊಡ್ಡ ಹುಕ್. ಬಾಗಿಲ ತೋರಣ, ಮೇಜಿನ ಬಟ್ಟೆಗೆ ಕ್ರೋಶಾದ ಹತ್ತಿ ನೂಲೇ ಸರಿ. ಅಲ್ಲಿ ನಂಬರ್ ಜಾಸ್ತಿ ಆದಷ್ಟೂ ನೂಲು ಸಣ್ಣ, 10ಕ್ಕಿಂತ 20 ಸಣ್ಣ, 20ಕ್ಕಿಂತ 40 ಸಣ್ಣ. ಹತ್ತಿಯಲ್ಲಿ ಟಾಪ್ ಹೆಣೆಯುವವರೇ, ದಪ್ಪ ಹತ್ತಿ ಬೇಡ. ಅದು ಭಾರಕ್ಕೆ ತಾನೇ ಜಗ್ಗಿ ಉದ್ದ ಆಗುತ್ತದೆ.

ಕಡ್ಡಿಯ ನಂಬರಿನಲ್ಲೂ ಒಂದು ಗೊಂದಲ ಇದೆ. ನಮ್ಮಲ್ಲಿ ಹಳಬರು ಹೇಳುವ 8 ನಂಬರ್ ಕಡ್ಡಿ 4 ಎಂಎಂ, 10 ನಂಬರ್ 3.25 ಎಂಎಂ. ಅಮೆರಿಕದ ವೀಡಿಯೋದಲ್ಲಿ 8 ಅಂದರೆ 5 ಎಂಎಂ. ಅದಕ್ಕೇ ನಾನು ಎಂಎಂ ಬಿಟ್ಟು ಬೇರೆ ಲೆಕ್ಕ ಮಾತಾಡುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ಚೌಕ ಹೆಣೆದು ನೋಡಲೇಬೇಕು. ಬೇಜಾರು ಅನ್ನುವವರಿಗೆ ಈ ಲೆಕ್ಕ ತೋರಿಸುತ್ತೇನೆ: ಸ್ವೆಟರಿನ ಸುತ್ತಳತೆಗೆ 200 ಸ್ಟಿಚ್ ಇದೆ ಅನ್ನಿ. 10 ಸೆಂಟಿಮೀಟರಿಗೆ 22 ಸ್ಟಿಚ್ ಬಂದರೆ ಎದೆ ಸುಮಾರು 91 ಸೆಂಟಿಮೀಟರ್. ನಿಮ್ಮ ಕೈಗೆ 20 ಬಂದರೆ ಅದೇ ಸ್ವೆಟರ್ 100 ಸೆಂಟಿಮೀಟರ್, ಅಂದರೆ ಮೂರೂವರೆ ಇಂಚು ದೊಗಲೆ! ಎರಡೇ ಸ್ಟಿಚ್ಚಿನ ವ್ಯತ್ಯಾಸ ಇಷ್ಟು ಮಾಡುತ್ತದೆ. ಚೌಕ ಹದಿನೈದು ಸೆಂಟಿಮೀಟರಾದರೂ ಇರಲಿ. ತೊಳೆದು, ಒಣಗಿಸಿ, ಅಂಚು ಬಿಟ್ಟು ನಡುವಿನ ಹತ್ತನ್ನು ಅಳೆಯಿರಿ. ಆಮೇಲೆ ಬೆರಳ ಮೇಲೆ ಇಳಿಬಿಟ್ಟು ನೋಡಿ. ಹಲಗೆಯ ಹಾಗೆ ನೆಟ್ಟಗೆ ನಿಂತರೆ ಒಂದು ಸೈಜ್ ದೊಡ್ಡ ಕಡ್ಡಿ, ಜಾಳುಜಾಳಾದರೆ ಒಂದು ಸೈಜ್ ಚಿಕ್ಕದು. ಆಗಲೂ ಸರಿಹೋಗದಿದ್ದರೆ ಆ ಉಲನ್ ಈ ಕೆಲಸಕ್ಕಲ್ಲ, ಬೇರೆ ಏನಾದರೂ ಮಾಡಿ.

ಮನೆಯಲ್ಲಿ ಸಣ್ಣ ಉಲನ್ ಮಾತ್ರ ಉಳಿದಿದ್ದರೆ ಎರಡೆಳೆ ಜೋಡಿಸಿ ಹೆಣೆಯಿರಿ. 4 ಪ್ಲೈ ಎರಡು ಸೇರಿದರೆ ಡಿಕೆಯ ಹತ್ತಿರ ಬರುತ್ತದೆ, ಎರಡು ಬಣ್ಣ ಬೆರೆತರೆ ನೋಡಲೂ ಚಂದ. ಹೊಸದು ತರುವುದಾದರೆ ಮೊದಲು ಒಂದೇ ಉಂಡೆ ತನ್ನಿ, ಚೌಕ ಹೆಣೆಯಿರಿ, ಒಪ್ಪಿಗೆ ಆದರೆ ಎರಡೇ ದಿನದಲ್ಲಿ ಹೋಗಿ ಉಳಿದದ್ದನ್ನೆಲ್ಲ ಒಟ್ಟಿಗೆ ತಗೊಳ್ಳಿ. ಲೇಬಲ್ಲಿನ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಉಂಡೆಗಳ ಗುರುತು) ಎಲ್ಲ ಉಂಡೆಯಲ್ಲೂ ಒಂದೇ ಇರಬೇಕು, ಮೇಲೊಂದು ಉಂಡೆ ಜಾಸ್ತಿಯೇ ಇರಲಿ.