ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ಓಡುತ್ತಾ? ಓಡದಿದ್ದರೆ ಯಾರನ್ನು ಕೇಳೋದು?

ಈ ಪ್ರಶ್ನೆ ನನಗೆ ಈಗ ವಾರಕ್ಕೆ ಎರಡು ಮೂರು ಸಲ ಬರುತ್ತದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿದ ಮೇಲಂತೂ ಜಾಸ್ತಿಯಾಗಿದೆ. ವಿಂಡೋಸ್ 11 ಹಾಕೋಣ ಅಂದರೆ ಹಳೆಯ ಕಂಪ್ಯೂಟರ್‌ನಲ್ಲಿ ಅದಕ್ಕೆ ಬೇಕಾದ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರುವುದಿಲ್ಲ. ಯಂತ್ರ ಚೆನ್ನಾಗಿಯೇ ಇದೆ, ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಯಾರೋ ಹೇಳುತ್ತಾರೆ, ವಿಂಡೋಸ್ ಬದಲು ಲಿನಕ್ಸ್‌ನ ಬಗೆಗಳಾದ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿಕೊಳ್ಳುತ್ತಾರೆ. ಒಂದು ವಾರ ಖುಷಿಯಾಗಿರುತ್ತಾರೆ. ಆಮೇಲೆ ಫೋನ್ ಬರುತ್ತದೆ: "ಸಾರ್, ನಮ್ಮ ಹಳೇ ಸಾಫ್ಟ್‌ವೇರ್ ಓಪನ್ ಆಗ್ತಿಲ್ಲ. ಯಾರನ್ನ ಕೇಳ್ಬೇಕು?"

ನನ್ನ ಉತ್ತರ ಇಷ್ಟು. ತುಂಬಾ ಪ್ರೋಗ್ರಾಂಗಳು ಓಡುತ್ತವೆ. ಓಡದಿದ್ದಾಗ ಸಹಾಯ ಮಾಡುವವರೂ ಇದ್ದಾರೆ, ಅದೂ ದುಡ್ಡು ತೆಗೆದುಕೊಳ್ಳದೆ. ಆದರೆ "ಓಪನ್ ಆಗ್ತಿಲ್ಲ" ಅನ್ನುವ ಎರಡೇ ಮಾತು ಹಿಡಿದುಕೊಂಡು ಯಾರಿಂದಲೂ ಏನೂ ಮಾಡಲು ಆಗುವುದಿಲ್ಲ. ಡಾಕ್ಟರ್ ಹತ್ತಿರ ಹೋಗಿ "ಹುಷಾರಿಲ್ಲ" ಅಂತ ಹೇಳಿ ಸುಮ್ನೆ ಕೂತರೆ ಹೇಗೋ ಹಾಗೆ. ಎಲ್ಲಿ ನೋವು, ಎಷ್ಟು ದಿನದಿಂದ ಅಂತ ಹೇಳಬೇಕಲ್ವಾ?

ಮೊದಲು ವೈನ್ ಅನ್ನುವ ತಂತ್ರಾಂಶದ ಬಗ್ಗೆ ಎರಡು ಮಾತು. ವಿಂಡೋಸ್ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಓಡುವುದು ಬಹುತೇಕ ಇದರ ಮೂಲಕವೇ. 1993ರಲ್ಲಿ ಶುರುವಾದ ಕೆಲಸ ಇದು. 1994ರಿಂದ ಅಲೆಕ್ಸಾಂಡ್ರ್ ಜೂಲಿಯಾರ್ ಅನ್ನುವವರು ಮುಂದೆ ನಿಂತು ನಡೆಸುತ್ತಿದ್ದಾರೆ. 1.0 ಆವೃತ್ತಿ ಬಂದದ್ದು 2008ರ ಜೂನ್‌ನಲ್ಲಿ. ಅಂದರೆ ಹದಿನೈದು ವರ್ಷ ದುಡಿದ ಮೇಲೆ "ಈಗ ಒಂದು ಹಂತಕ್ಕೆ ಬಂತು" ಅಂದರು. ಆ ತಾಳ್ಮೆ ನೆನೆದರೆ ನನಗೆ ಈಗಲೂ ಗೌರವ ಉಕ್ಕುತ್ತದೆ. ವೈನ್ ಒಳಗೆ ವಿಂಡೋಸ್ ಇರುವುದಿಲ್ಲ. ಪ್ರೋಗ್ರಾಂ "ಒಂದು ಕಿಟಕಿ ತೆರೆ", "ಈ ಫೈಲ್ ಓದು", "ಪ್ರಿಂಟರ್‌ಗೆ ಕಳಿಸು" ಅಂತ ವಿಂಡೋಸನ್ನು ಕೇಳುತ್ತದೆ ನೋಡಿ, ಆ ಕೇಳಿಕೆಗೆ ವೈನ್ ಉತ್ತರ ಕೊಡುತ್ತದೆ. ಕೆಲಸವನ್ನು ಲಿನಕ್ಸ್ ಕೈಯಲ್ಲಿ ಮಾಡಿಸುತ್ತದೆ. ವಿಂಡೋಸ್ ಉತ್ತರಿಸುವ ಸಾವಿರಾರು ಕೇಳಿಕೆಗಳಲ್ಲಿ ಯಾವುದೋ ಒಂದಕ್ಕೆ ವೈನ್ ಉತ್ತರ ಸರಿಯಿಲ್ಲದಿದ್ದರೆ, ಅಥವಾ ಪ್ರೋಗ್ರಾಂಗೆ ಬೇಕಾದ ಒಂದು ಚೂರು ಇಲ್ಲದಿದ್ದರೆ, ಅಲ್ಲಿಗೆ ನಿಂತುಬಿಡುತ್ತದೆ. ಎಲ್ಲಿ ನಿಂತಿತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಇದು ಹೇಗೆ ಅಂತ ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಮಲೆನಾಡಿನ ಒಂದು ಅಡಿಕೆ ಮಂಡಿ. ಅಲ್ಲಿ ಸುಮಾರು ಇಪ್ಪತ್ತು ವರ್ಷದಿಂದ ಒಂದೇ ಬಿಲ್ಲಿಂಗ್ ಪ್ರೋಗ್ರಾಂ. ಯಾರೋ ಊರಿನವರೇ ವಿಷುಯಲ್ ಬೇಸಿಕ್ 6ರಲ್ಲಿ ಬರೆದುಕೊಟ್ಟದ್ದು. ಬರೆದವರು ಈಗ ಸಿಗುವುದಿಲ್ಲ, ಇನ್‌ಸ್ಟಾಲ್ ಮಾಡುವ ಸಿಡಿಯೂ ಕಳೆದುಹೋಗಿದೆ. ಉಳಿದಿರುವುದು ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿದ್ದ ಒಂದು ಫೋಲ್ಡರ್ ಮಾತ್ರ. ಅದರೊಳಗೆ ರೈತರ ಹೆಸರು, ತೂಕ, ಮುಂಗಡ, ಬಾಕಿ ಎಲ್ಲ ಇದೆ. ಯಜಮಾನರ ಮಗ ಲಿನಕ್ಸ್ ಮಿಂಟ್ ಹಾಕಿ, ವೈನ್ ಹಾಕಿ, ಆ ಪ್ರೋಗ್ರಾಂ ಮೇಲೆ ಎರಡು ಸಲ ಕ್ಲಿಕ್ ಮಾಡಿದ. ಏನೂ ಆಗಲಿಲ್ಲ. ಹತ್ತು ಸಲ ಕ್ಲಿಕ್ ಮಾಡಿದ. ಆಗಲೂ ಏನೂ ಇಲ್ಲ. ಖಾಲಿ ಪರದೆಯ ಫೋಟೋ ತೆಗೆದು ನನಗೆ ಕಳಿಸಿದ.

ನಾನು ಹೇಳಿದ್ದು ಒಂದೇ: "ತಮ್ಮಾ, ಆ ಫೋಲ್ಡರ್ ಒಳಗೇ ಬಲ ಕ್ಲಿಕ್ ಮಾಡಿ ಟರ್ಮಿನಲ್, ಅಂದ್ರೆ ಆದೇಶ ಟೈಪ್ ಮಾಡೋ ಕಿಟಕಿ, ತೆಗಿ. ವೈನ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ಪ್ರೋಗ್ರಾಂ ಫೈಲಿನ ಹೆಸರು ಹಾಕು. ಎಂಟರ್ ಒತ್ತಿ ಬಂದದ್ದೆಲ್ಲ ಕಾಪಿ ಮಾಡಿ ಕಳಿಸು." ಫೋಟೋ ಬೇಡ, ಅಕ್ಷರವೇ ಬೇಕು ಅಂತಲೂ ಹೇಳಿದೆ. ಫೋಟೋದಲ್ಲಿ ಹುಡುಕಲು ಆಗುವುದಿಲ್ಲ, ಅರ್ಧ ಸಾಲು ಕತ್ತರಿಸಿಯೂ ಹೋಗಿರುತ್ತದೆ.

ಸುಮಾರು ನಲವತ್ತು ಸಾಲು ಬಂತು. ನೋಡಿ ಅವನಿಗೆ ಗಾಬರಿ. ಗಾಬರಿಯಾಗಬೇಕಿಲ್ಲ. ವೈನ್ ತುಂಬಾ ಮಾತಾಡುತ್ತದೆ. "ಫಿಕ್ಸ್‌ಮಿ" ಅನ್ನುವ ಪದ ಇರುವ ಸಾಲುಗಳು ಬಹುಪಾಲು ವೈನ್ ಬರೆಯುವವರು ತಮಗೇ ಬರೆದಿಟ್ಟುಕೊಂಡ ಚೀಟಿ. ಅವನ್ನು ಮೊದಲು ಬಿಟ್ಟುಬಿಡಿ. "ಎರರ್" ಪದದ ಮೊದಲ ಮೂರು ಇಂಗ್ಲಿಷ್ ಅಕ್ಷರ (err) ಇರುವ ಸಾಲು ಹುಡುಕಿ. ಅವನ ನಲವತ್ತು ಸಾಲಿನಲ್ಲಿ ಅಂಥದ್ದು ಎರಡೇ ಇದ್ದವು. ಮೊದಲನೆಯದು ನೇರವಾಗಿ ಹೇಳುತ್ತಿತ್ತು: ಎಂಎಸ್‌ವಿಬಿವಿಎಂ60 ಅನ್ನುವ ಡಿಎಲ್‌ಎಲ್ ಫೈಲ್ ಸಿಗಲಿಲ್ಲ. ಅದು ವಿಷುಯಲ್ ಬೇಸಿಕ್ 6ರ ಪ್ರೋಗ್ರಾಂ ಓಡಲು ಬೇಕೇ ಬೇಕಾದ ಫೈಲ್. ಸಿಡಿಯಿಂದ ಇನ್‌ಸ್ಟಾಲ್ ಮಾಡಿದ್ದರೆ ಜೊತೆಗೇ ಬರುತ್ತಿತ್ತು. ಬರೀ ಫೋಲ್ಡರ್ ಕಾಪಿ ಮಾಡಿದ್ದರಿಂದ ಬರಲಿಲ್ಲ.

ಆ ಫೈಲನ್ನು ಎಲ್ಲಿಂದಲೋ ಡೌನ್‌ಲೋಡ್ ಮಾಡಿ ಹಾಕಬೇಡಿ. ಡಿಎಲ್‌ಎಲ್ ಹಂಚುವ ಸೈಟುಗಳಿಂದ ವೈರಸ್ ಬಂದವರನ್ನು ನೋಡಿದ್ದೇನೆ. ವೈನ್‌ಟ್ರಿಕ್ಸ್ ಅಂತ ಒಂದು ಪುಟ್ಟ ಸಲಕರಣೆ ಇದೆ. ಅದನ್ನು ತೆರೆದು, ಪಟ್ಟಿಯಲ್ಲಿ ವಿಬಿ6ರನ್ ಆರಿಸಿದರೆ ಸಾಕು. ಹಾಗೆ ಮಾಡಿದ ಮೇಲೆ ಪ್ರೋಗ್ರಾಂ ತೆರೆದುಕೊಂಡಿತು. ಲಾಗಿನ್ ಪರದೆ ಬಂತು, ಪಾಸ್‌ವರ್ಡ್ ಕೊಟ್ಟ. ತಕ್ಷಣ ಇನ್ನೊಂದು ಎರರ್: ರನ್‌ಟೈಮ್ ಎರರ್ 76, ಪಾತ್ ನಾಟ್ ಫೌಂಡ್.

ಈ ಸಲ ಸಮಸ್ಯೆ ವೈನ್‌ದಲ್ಲ, ಪ್ರೋಗ್ರಾಂದು. ಅದನ್ನು ಬರೆದವರು ಡೇಟಾ ಎಲ್ಲ ಡಿ ಡ್ರೈವ್‌ನಲ್ಲಿರುತ್ತದೆ ಅಂತ ಒಳಗೇ ಬರೆದಿಟ್ಟಿದ್ದರು. ಲಿನಕ್ಸ್‌ನಲ್ಲಿ ಸಿ, ಡಿ ಅಂತ ಡ್ರೈವ್‌ಗಳೇ ಇಲ್ಲ. ಆದರೆ ವೈನ್‌ನ ಸೆಟ್ಟಿಂಗ್ಸ್‌ನಲ್ಲಿ ಡ್ರೈವ್ಸ್ ಅನ್ನುವ ಟ್ಯಾಬ್ ಇದೆ. ಅಲ್ಲಿ ಡಿ ಅಕ್ಷರ ಸೇರಿಸಿ, ಡೇಟಾ ಇರುವ ಫೋಲ್ಡರ್ ತೋರಿಸಿದೆವು. ಮುಂದಕ್ಕೆ ಹೋಯಿತು. ಆಮೇಲೆ ಆಕ್ಸೆಸ್ ಡೇಟಾಬೇಸ್ ತೆರೆಯಲು ಬೇಕಾದ ಜೆಟ್ ಅನ್ನುವ ಭಾಗ ಇರಲಿಲ್ಲ. ಅದಕ್ಕಾಗಿ 32 ಬಿಟ್‌ನ ಒಂದು ಬೇರೆ ಪ್ರಿಫಿಕ್ಸ್ ಮಾಡಿ, ಮೊದಲಿಂದ ಎಲ್ಲ ಹಾಕಿದೆವು. ಪ್ರಿಫಿಕ್ಸ್ ಅಂದರೆ ವೈನ್ ತನ್ನ ಸಿ ಡ್ರೈವ್ ಇಟ್ಟುಕೊಳ್ಳುವ ಫೋಲ್ಡರ್, ಅಷ್ಟೇ. ಒಂದೊಂದು ಪ್ರೋಗ್ರಾಂಗೆ ಒಂದೊಂದು ಮಾಡಿಕೊಳ್ಳಬಹುದು. ಹಾಳಾದರೆ ಅಳಿಸಿ ಹೊಸದು ಮಾಡಿದರಾಯಿತು. ಹೀಗೆ ಬೇರೆ ಬೇರೆ ಇಡುವುದೇ ಒಳ್ಳೆಯದು, ಯಾಕೆಂದರೆ ಒಂದಕ್ಕೆ ಹಾಕಿದ ಮದ್ದು ಇನ್ನೊಂದಕ್ಕೆ ಆಗಿಬರದೇ ಇರಬಹುದು.

ಕೊನೆಗೆ ಬಿಲ್ ಪ್ರಿಂಟ್ ಆಯಿತು. ಆದರೆ ಕನ್ನಡ ಇರಬೇಕಾದ ಜಾಗದಲ್ಲಿ ಏನೇನೋ ಗೀಟು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬರಬೇಕಾದ ಕಡೆ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುವೆ ಪೌಂಡ್ ಗುರುತು. ಯಜಮಾನರು ಕಾಗದ ಹಿಡಿದು "ಇದೇನಪ್ಪಾ, ಮಂತ್ರವಾ?" ಅಂದರು. ಹಳೆಯ ನುಡಿ ಫಾಂಟ್ ಬಳಸಿದವರಿಗೆ ಇದು ನೋಡಿದ ತಕ್ಷಣ ಗೊತ್ತಾಗುತ್ತದೆ. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೀಟು. ಹಳೆಯ ಹಾರ್ಡ್‌ಡಿಸ್ಕ್‌ನ ವಿಂಡೋಸ್ ಫೋಲ್ಡರ್‌ನಿಂದ ನುಡಿ ಫಾಂಟ್ ಫೈಲುಗಳನ್ನು ತಂದು ವೈನ್‌ನ ಫಾಂಟ್ಸ್ ಫೋಲ್ಡರ್‌ಗೆ ಹಾಕಿದೆವು. ಪ್ರೋಗ್ರಾಂ ಮುಚ್ಚಿ ತೆರೆದ ಮೇಲೆ ಗೊರಬಲು ಗೊರಬಲಾಗಿಯೇ ಬಂತು.

ಇಷ್ಟಕ್ಕೆ ಎರಡು ಸಂಜೆ ಹಿಡಿಯಿತು. ನಾನು ಆ ಮಂಡಿಗೆ ಹೋಗಲೇ ಇಲ್ಲ. ಎಲ್ಲ ನಡೆದದ್ದು ಅವನು ಕಳಿಸಿದ ಸಾಲುಗಳಿಂದ.

ಹಾಗಾಗಿ ಯಾರನ್ನು ಕೇಳುವುದಾದರೂ ಇಷ್ಟನ್ನು ಮೊದಲೇ ಹೇಳಿ: ಪ್ರೋಗ್ರಾಂ ಹೆಸರು ಮತ್ತು ಆವೃತ್ತಿ, ಯಾವ ಲಿನಕ್ಸ್, ವೈನ್ ಯಾವ ಆವೃತ್ತಿ, ಅದನ್ನು ಎಲ್ಲಿಂದ ಹಾಕಿದ್ದು, ನೀವು ಏನು ಮಾಡಿದಾಗ ಏನಾಯಿತು, ಟರ್ಮಿನಲ್‌ನಲ್ಲಿ ಏನು ಬಂತು. ಏನೇನು ಪ್ರಯತ್ನಿಸಿ ನೋಡಿದ್ದೀರಿ ಅನ್ನುವುದನ್ನೂ ಮುಚ್ಚಿಡಬೇಡಿ. ಹತ್ತು ಕಡೆ ಓದಿ ಹತ್ತು ಮದ್ದು ಹಾಕಿದ್ದರೆ ಅದನ್ನೂ ಹೇಳಿ. ಇನ್ನೂ ಒಳ್ಳೆಯದೆಂದರೆ, ಹೊಸ ಪ್ರಿಫಿಕ್ಸ್‌ನಲ್ಲಿ ಏನೂ ಬೆರೆಸದೆ ಒಂದು ಸಲ ಓಡಿಸಿ ನೋಡಿ, ಆಮೇಲೆ ಕೇಳಿ.

ಆವೃತ್ತಿ ಯಾಕೆ ಕೇಳುತ್ತೇವೆ ಅಂತ ಕೆಲವರಿಗೆ ಬೇಸರ. ಒಂದು ಕಾರಣ ಹೇಳುತ್ತೇನೆ. ಹತ್ತು ವರ್ಷ ಹಿಂದಿನ ಯಾವ ಉತ್ತರ ನೋಡಿದರೂ "ವೈನ್ ಆರ್ಚ್ ಅನ್ನು ವಿನ್32 ಅಂತ ಇಟ್ಟು 32 ಬಿಟ್ ಪ್ರಿಫಿಕ್ಸ್ ಮಾಡಿ" ಅಂತಿರುತ್ತದೆ. ಮಂಡಿಯ ಕಂಪ್ಯೂಟರ್‌ನಲ್ಲಿ ನಾವು ಮಾಡಿದ್ದೂ ಅದನ್ನೇ. ಆದರೆ ಈಚಿನ ವೈನ್‌ನಲ್ಲಿ 32 ಬಿಟ್ ಪ್ರೋಗ್ರಾಂಗಳನ್ನು 64 ಬಿಟ್ ವೈನ್‌ನಲ್ಲೇ ಓಡಿಸುವ ಹೊಸ ವಾವ್64 ವಿಧಾನ ಬಂದಿದೆ. ಆ ರೀತಿ ಕಟ್ಟಿದ ವೈನ್‌ನಲ್ಲಿ ಅದೇ ಸಾಲು ಹಾಕಿದರೆ "ಇದು ನಡೆಯಲ್ಲ" ಅಂತ ವೈನ್ ಮುಖಕ್ಕೇ ಹೇಳುತ್ತದೆ. ಉತ್ತರ ತಪ್ಪಲ್ಲ, ಹಳೆಯದು. ಅದಕ್ಕೇ ಎಲ್ಲಿ ಓದಿದರೂ ತಾರೀಕು ನೋಡಿ.

ಕೇಳುವ ಮೊದಲು ವೈನ್ ಅವರದೇ ಆಪ್‌ಡಿಬಿ ಅನ್ನುವ ಜಾಲತಾಣದ ಪಟ್ಟಿಯಲ್ಲಿ ಪ್ರೋಗ್ರಾಂ ಹೆಸರು ಹುಡುಕಿ. ಓಡಿಸಿ ನೋಡಿದವರು ಪ್ಲಾಟಿನಂನಿಂದ ಗಾರ್ಬೇಜ್‌ವರೆಗೆ ದರ್ಜೆ ಕೊಟ್ಟಿರುತ್ತಾರೆ. ದರ್ಜೆಗಿಂತ ಅದರ ಕೆಳಗೆ ಬರೆದಿರುವುದು ಮುಖ್ಯ, ಅದನ್ನು ಓದಿ. ಇನ್ನೊಂದು ವಿಷಯ: ಬಾಟಲ್ಸ್, ಲೂಟ್ರಿಸ್, ಪ್ಲೇಆನ್‌ಲಿನಕ್ಸ್ ಇಂಥವು ವೈನನ್ನು ತಮ್ಮ ರೀತಿಯಲ್ಲಿ ಕಟ್ಟಿಕೊಡುತ್ತವೆ. ಅವುಗಳಲ್ಲಿ ತೊಂದರೆ ಬಂದರೆ ಅವರನ್ನೇ ಕೇಳಬೇಕು. ವೈನ್ ತಂಡದವರು ಅದಕ್ಕೆ ಉತ್ತರ ಕೊಡುವುದಿಲ್ಲ, ಅದು ಜಂಬ ಅಲ್ಲ. ಒಳಗೆ ಏನು ಬದಲಾಗಿದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ದುಡ್ಡು ಕೊಟ್ಟು ಸಹಾಯ ಪಡೆಯುವವರಿಗೆ ಕೋಡ್‌ವೀವರ್ಸ್‌ನ ಕ್ರಾಸ್‌ಓವರ್ ಇದೆ. ವೈನ್ ಬರೆಯುವವರಲ್ಲಿ ಹಲವರಿಗೆ ಸಂಬಳ ಕೊಡುವ ಕಂಪನಿ ಅದು. ಆಟ ಆಡುವವರಿಗೆ, ಆಟ ಮಾರುವ ಸ್ಟೀಮ್‌ನಲ್ಲೇ ವೈನ್ ಆಧರಿಸಿದ ಪ್ರೋಟಾನ್ ಇದೆ, 2018ರಲ್ಲಿ ಬಂದದ್ದು.

ಯಾವುದು ಆಗುವುದಿಲ್ಲ? ಇದನ್ನು ಮುಂಚೆಯೇ ಹೇಳಿದರೆ ನಿಮ್ಮ ಒಂದು ಭಾನುವಾರ ಉಳಿಯುತ್ತದೆ. ವಿಂಡೋಸ್ ಡ್ರೈವರ್‌ಗಳನ್ನು ವೈನ್ ಮೂಲಕ ಹಾಕಿ ಸಾಧನ ನಡೆಸಲು ಹೋಗಬೇಡಿ. ಸ್ಕ್ಯಾನರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇಂಥವಕ್ಕೆ ತಯಾರಕರು ಲಿನಕ್ಸ್ ಡ್ರೈವರ್ ಕೊಟ್ಟಿದ್ದಾರಾ ಅಂತ ಮೊದಲು ನೋಡಿ. ವ್ಯಾಲರಂಟ್‌ನಂಥ ಆಟಗಳು ಆಟದಲ್ಲಿ ಮೋಸ ತಡೆಯಲು ವಿಂಡೋಸ್‌ನ ಬುಡಕ್ಕೇ ಇಳಿದು ಕಾವಲು ಕೂರುತ್ತವೆ, ಅವು ಓಡುವುದಿಲ್ಲ. ಹೊಸ ಫೋಟೋಶಾಪ್, ಮೈಕ್ರೋಸಾಫ್ಟ್ 365 ನಂಬಿ ಅಂಗಡಿ ನಡೆಸುವವರಿಗೆ ನಾನು ವೈನ್ ಹೇಳುವುದೇ ಇಲ್ಲ. ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಮಾಡಿಕೊಡುವ ವರ್ಚುವಲ್‌ಬಾಕ್ಸ್ ಒಳಗೆ ನಿಜವಾದ ವಿಂಡೋಸ್ ಹಾಕಿಕೊಳ್ಳಿ, ಅಥವಾ ಅದೊಂದು ಯಂತ್ರ ವಿಂಡೋಸ್‌ನಲ್ಲೇ ಇರಲಿ.

ಒಂದು ಎಚ್ಚರಿಕೆ. ವೈನ್ ಅನ್ನು ಎಂದೂ ಸುಡೋ (ಯಂತ್ರದ ಪೂರ್ತಿ ಅಧಿಕಾರ ಕೊಡುವ ಆದೇಶ) ಹಾಕಿ ಓಡಿಸಬೇಡಿ. ವೈನ್ ಒಳಗೆ ಓಡುವ ಪ್ರೋಗ್ರಾಂಗೆ ಝಡ್ ಡ್ರೈವ್ ಮೂಲಕ ನಿಮ್ಮ ಫೈಲುಗಳೆಲ್ಲ ಕಾಣುತ್ತವೆ. ಲಿನಕ್ಸ್ ಇದೆ, ವೈರಸ್ ಬರಲ್ಲ ಅಂತ ಕ್ರ್ಯಾಕ್ ಮಾಡಿದ ಪ್ರೋಗ್ರಾಂ ಓಡಿಸಿದರೆ ನಿಮ್ಮ ಫೋಟೋ, ಲೆಕ್ಕ ಎಲ್ಲ ಅದರ ಕೈಗೆ ಕೊಟ್ಟ ಹಾಗೆ.

ಇನ್ನೊಂದು ಪ್ರಶ್ನೆ ನನಗೆ ತುಂಬಾ ಹತ್ತಿರದ್ದು: "ನುಡಿ ಓಡಿಸೋದು ಹೇಗೆ?" ಆಗ ನಾನು ತಿರುಗಿ ಕೇಳುತ್ತೇನೆ, ನಿಮಗೆ ನುಡಿ ತಂತ್ರಾಂಶ ಬೇಕಾ, ಕನ್ನಡ ಟೈಪ್ ಮಾಡೋದು ಬೇಕಾ? ಹತ್ತರಲ್ಲಿ ಒಂಬತ್ತು ಜನಕ್ಕೆ ಬೇಕಿರುವುದು ಎರಡನೆಯದು. ಅದಕ್ಕೆ ವೈನ್ ಬೇಡವೇ ಬೇಡ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನೀವು ಕಲಿತ ಕೀಲಿಮಣೆಯೇ ಲಿನಕ್ಸ್‌ನಲ್ಲೂ ಇದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ, ಕಗಪ ಅಂತ ಹುಡುಕಿ ಸೇರಿಸಿದರೆ ಆಯಿತು. ಭಾಷೆಗಳನ್ನು ಟೈಪ್ ಮಾಡಿಸುವ ಐಬಸ್ ಸಲಕರಣೆಯಲ್ಲೂ ಕೆಜಿಪಿ ಅನ್ನುವ ಹೆಸರಲ್ಲಿ ಸಿಗುತ್ತದೆ. ಹಳೆಯ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ತಿರುಗಿಸುವ ಉಚಿತ ಪರಿವರ್ತಕಗಳೂ ಇವೆ. ತಿರುಗಿಸಿದ ಮೇಲೆ ಒತ್ತಕ್ಷರಗಳ ಮೇಲೆ ಒಂದು ಸಲ ಕಣ್ಣಾಡಿಸಿ.

ಅದೇ ಮಂಡಿಯಲ್ಲಿ ಪತ್ರ ಬರೆಯುವ ಗುಮಾಸ್ತರೊಬ್ಬರಿದ್ದಾರೆ, ಅರವತ್ತು ದಾಟಿದವರು. ನುಡಿ ಇಲ್ಲ ಅಂದಾಗ ಅವರ ಮುಖ ಬಾಡಿತ್ತಂತೆ. ಹುಡುಗ ಲಿಬ್ರೆಆಫೀಸ್ ತೆರೆದು ಕಗಪ ಹಾಕಿಕೊಟ್ಟು, "ಅಂಕಲ್, ಸುಮ್ನೆ ಮೊದಲಿನ ಹಾಗೇ ಟೈಪ್ ಮಾಡಿ ನೋಡಿ" ಅಂದನಂತೆ. ಅವರು ಪರದೆ ನೋಡದೆ, ಕೀಲಿಗಳನ್ನೂ ನೋಡದೆ ಟೈಪ್ ಮಾಡಿದರು. ಒತ್ತಕ್ಷರ ಬಂದಾಗ ಬೆರಳು ತಾನಾಗಿ ಎಫ್ ಮೇಲೆ ಹೋಯಿತು. ತಲೆ ಎತ್ತಿ ನೋಡಿದರೆ "ಅಡಿಕೆ ಮಾರಾಟದ ಪಟ್ಟಿ" ಅಂತ ಸರಿಯಾಗಿ ಬಂದಿತ್ತು. ಹುಡುಗ ಆ ಪರದೆಯನ್ನು ಫೋಟೋ ತೆಗೆದು ನನಗೆ ಕಳಿಸಿದ. ಈ ಸಲ ಫೋಟೋ ಯಾಕೆ ಅಂತ ನಾನು ಕೇಳಲಿಲ್ಲ.