ಮೊದಲು ಡೇಟಾಬೇಸ್, ಆಮೇಲೆ ಭಾಷೆ

ಸಹಕಾರ ಸಂಘವೊಂದರ ಸದಸ್ಯರ ಪಟ್ಟಿ, ಷೇರು ಮತ್ತು ಸಾಲದ ಲೆಕ್ಕವನ್ನು ವೆಬ್‌ಗೆ ತರುವ ಕೆಲಸ ನಮ್ಮ ತಂಡಕ್ಕೆ ಬಂದಾಗ, ಚರ್ಚೆ ಶುರುವಾದದ್ದು ಪ್ರೋಗ್ರಾಮಿಂಗ್ ಭಾಷೆಯಿಂದ. ಒಬ್ಬರಿಗೆ ಪಿಎಚ್‌ಪಿ, ಇನ್ನೊಬ್ಬರಿಗೆ ಜಾವಾಸ್ಕ್ರಿಪ್ಟ್‌ನ ನೋಡ್, ಮತ್ತೊಬ್ಬರಿಗೆ ಪೈಥಾನ್‌ನ ಜಾಂಗೋ. ಅದೆಲ್ಲ ಇರಲಿ, ಮೊದಲು ಸಂಘದ ಲೆಡ್ಜರ್‌ನಲ್ಲಿರುವ ಹೆಸರುಗಳನ್ನು ಡೇಟಾಬೇಸ್‌ಗೆ ಹಾಕಿ ನೋಡೋಣ ಎಂದೆ.

‘ಕೃಷ್ಣಮೂರ್ತಿ’ ಕಣ್ಣಿಗೆ ನಾಲ್ಕು ಅಕ್ಷರ. ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು 11 ಸಂಕೇತ, ಆ ಸಂಕೇತಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ 33 ಬೈಟ್. ಒರಾಕಲ್ ಡೇಟಾಬೇಸ್‌ನಲ್ಲಿ ಪಠ್ಯ ಇಡುವ ವಾರ್‌ಚಾರ್2 ಕಾಲಂ, ಬೇರೆ ಸೂಚನೆ ಕೊಡದಿದ್ದರೆ, ಬೈಟ್ ಲೆಕ್ಕ ಹಿಡಿಯುತ್ತದೆ. 30ರ ಅಳತೆಯ ಕಾಲಂನಲ್ಲಿ ಈ ಹೆಸರು ಕೂರುವುದಿಲ್ಲ. ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಎಣಿಸುವುದು ಸಂಕೇತಗಳನ್ನು.

ಅಕಾರಾದಿ ಇನ್ನೂ ದೊಡ್ಡ ತೊಡಕು. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ದ ನಂತರ, ಯೂನಿಕೋಡ್ ಸಂಖ್ಯೆಯಲ್ಲಿ ಅದು ‘ವ’ಕ್ಕಿಂತ ಮುಂಚೆಯೇ ಇದೆ. ಬರೀ ಸಂಖ್ಯೆ ನೋಡಿ ಜೋಡಿಸಿದರೆ ‘ಕಳಸಪ್ಪ’ ಮುಂದೆ, ‘ಕವಿತಾ’ ಹಿಂದೆ. ಪಿಎಚ್‌ಪಿ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರರ ಸಾಮಾನ್ಯ ಸಾರ್ಟ್ ಕೂಡ ಇದೇ ತಪ್ಪು ಕ್ರಮ ಕೊಡುತ್ತದೆ! ಯಾವ ಭಾಷೆ ಎಂದು ಅಷ್ಟು ಹೊತ್ತು ವಾದಿಸಿದ್ದೆವಲ್ಲ, ಅದರಿಂದ ಈ ವಿಷಯದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ. ಪಟ್ಟಿಯನ್ನು ಪುಟಪುಟವಾಗಿ ತೋರಿಸಬೇಕೆಂದರೆ ಜೋಡಣೆ ಡೇಟಾಬೇಸ್‌ನಲ್ಲೇ ನಡೆಯಬೇಕು. 2017ರ ಪೋಸ್ಟ್‌ಗ್ರೆಸ್ 10ನೇ ಆವೃತ್ತಿಯಿಂದ ಐಸಿಯು ಎಂಬ ಯೂನಿಕೋಡ್ ತಂತ್ರಾಂಶ ಸಂಗ್ರಹದ ಜೋಡಣಾ ನಿಯಮಗಳು ಸಿಗುತ್ತವೆ. ಅದರಲ್ಲಿ ಕನ್ನಡದ ನಿಯಮವೂ ಇದೆ. ಸದಸ್ಯರು ತಮ್ಮ ಹೆಸರನ್ನು ಇರಬೇಕಾದ ಜಾಗದಲ್ಲೇ ಕಾಣಬೇಕು ಎನ್ನುವುದು ನನಗೆ ಸಣ್ಣ ವಿಷಯವಲ್ಲ.

ಹುಡುಕಾಟದಲ್ಲೂ ಒಂದು ಎಡವಟ್ಟು ಇರುತ್ತದೆ. ‘ಮೋಹನ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳಾಗಿಯೂ ಬರೆಯಬಹುದು, ನೋಡಲು ಎರಡೂ ಒಂದೇ, ಹೋಲಿಸಿದರೆ ಬೇರೆ. ಆದ್ದರಿಂದ ಉಳಿಸುವ ಮೊದಲೇ ಎಲ್ಲವನ್ನೂ ಎನ್ಎಫ್‌ಸಿ ಎಂಬ ಏಕರೂಪದ, ಕೂಡಿಸಿದ ಸಂಕೇತಗಳ ರೂಪಕ್ಕೆ ತರುತ್ತೇವೆ.

ಹಣದ ಲೆಕ್ಕದಲ್ಲಿ ಚರ್ಚೆಗೆ ಹೆಚ್ಚು ಜಾಗವಿರಲಿಲ್ಲ. ಎರಡು ಕೌಂಟರ್‌ಗಳಲ್ಲಿ ಒಂದೇ ಸಾಲದ ಖಾತೆಗೆ ಕಂತು ಬಂದರೆ ಒಂದು ಮುಗಿಯುವ ತನಕ ಇನ್ನೊಂದು ಕಾಯುವಂತೆ ಕೋಷ್ಟಕದಲ್ಲಿ ಆ ಖಾತೆಯ ಸಾಲಿಗೆ (ರೋ) ಬೀಗ ಹಾಕುವ ಟ್ರಾನ್ಸಾಕ್ಷನ್ ಬೇಕು, ಇಲ್ಲದ ಸದಸ್ಯನ ಹೆಸರಿಗೆ ಸಾಲ ಬರೆಯದಂತೆ ತಡೆಯುವ ಫಾರಿನ್ ಕೀ ಬೇಕು. ಈ ಕಾವಲು ಅಪ್ಲಿಕೇಶನ್ ಕೋಡ್‌ನಲ್ಲಿ ಮಾತ್ರ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ನಾಳೆ ಮತ್ತೊಂದು ಪ್ರೋಗ್ರಾಂ ಅದೇ ಕೋಷ್ಟಕಕ್ಕೆ ಬರೆಯಬಹುದು.

ಇಷ್ಟಾದ ಮೇಲೆ ಭಾಷೆಯ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುಂದೆ ಇದನ್ನು ನೋಡಿಕೊಳ್ಳುವ ಸ್ಥಳೀಯ ಹುಡುಗರಿಗೆ ಪಿಎಚ್‌ಪಿ ಚೆನ್ನಾಗಿ ಗೊತ್ತಿತ್ತು, ಅದನ್ನೇ ಆರಿಸಿದೆವು. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರೊಸೆಸ್ ತೆರೆಯುತ್ತದೆ, ಪಿಎಚ್‌ಪಿ ಸಾಮಾನ್ಯವಾಗಿ ಪ್ರತಿ ಕೋರಿಕೆಗೂ ಹೊಸ ಸಂಪರ್ಕ ಕೇಳುತ್ತದೆ. ಹಾಗಾಗಿ ತೆರೆದ ಸಂಪರ್ಕಗಳನ್ನೇ ಮತ್ತೆ ಮತ್ತೆ ಬಳಸಲು ಕೊಡುವ ಪಿಜಿಬೌನ್ಸರ್ ಅನ್ನು ನಡುವೆ ಇಟ್ಟಿದ್ದೇವೆ. ಜಾಂಗೋದ ಸಿದ್ಧ ನಿರ್ವಹಣಾ ಪುಟಗಳನ್ನು ಬಿಟ್ಟುಕೊಡಬೇಕಾಯಿತು ಎಂಬ ಬೇಸರ ಇದ್ದೇ ಇದೆ. ಅವುಗಳಿಗೆ ಬದಲಾಗಿ ಗುಮಾಸ್ತರ ಪಕ್ಕದಲ್ಲಿ ಕುಳಿತು ನಾವೇ ಪುಟಗಳನ್ನು ರೂಪಿಸುತ್ತಿದ್ದೇವೆ. ಸದ್ಯ ಕೈಯಲ್ಲಿರುವುದು ಷೇರು ವರ್ಗಾವಣೆಯ ಪುಟ.